ಅರವತ್ತೆಂಟೋ ಎಪ್ಪತ್ತೆಂಟೋ

ಚನ್ನರಾಯಪಟ್ಟಣದ ಬೈಪಾಸ್ ಪಕ್ಕದ ಶೆಡ್ಡಿನಲ್ಲಿ ಮೆಕ್ಯಾನಿಕ್ ಕೀರ್ತಿರಾಜ್ ಆ ಕಾರಿನ ಕೀಲಿ ತಿರುಗಿಸಿದ ಮೊದಲನೇ ದಿನವೇ, ಮೊದಲನೇ ತಿರುವಿಗೇ, ಎಂಜಿನ್ ಗುಡುಗಿದ ಗುಡುಗಿಗೆ ಸುತ್ತಲಿನ ತೋಟಗಳಲ್ಲಿ ಮುನ್ನೂರ ನಲವತ್ತು ತೆಂಗಿನಕಾಯಿ ಒಟ್ಟಿಗೆ ಉದುರಿದವು. ಅದರಲ್ಲಿ ಇನ್ನೂರು ತಾವಾಗಿಯೇ ಸುಲಿದುಕೊಂಡವು. ಶ್ರವಣಬೆಳಗೊಳದ ಸ್ಟೇಷನ್ನಿನಲ್ಲಿ ನಿಂತಿದ್ದ ರೈಲು, ಹಿಂದೆ ಯಾರೋ ದೊಡ್ಡವರು ಹಾರ್ನ್ ಹೊಡೆದರೆಂದು ತಿಳಿದು, ಹಸಿರು ಬಾವುಟಕ್ಕೂ ಕಾಯದೆ ಹೊರಟುಬಿಟ್ಟಿತು.

ನಂಬದವರು ಯಾರನ್ನಾದರೂ ಕೇಳಬಹುದು. ಶೆಡ್ಡಿನ ಪಕ್ಕದ ಟೀ ಅಂಗಡಿಯ ಮುದ್ದಮ್ಮನನ್ನು ಮಾತ್ರ ಕೇಳಬಾರದು. ಅವಳಿಗೆ ನೆನಪಿನ ಶಕ್ತಿ ಸ್ವಲ್ಪ ಜಾಸ್ತಿ.

ಕಾರು ಬಂದದ್ದು ಹೊಳೆನರಸೀಪುರದಿಂದ, ಟ್ರ್ಯಾಕ್ಟರಿನ ಹಿಂದೆ ಹಗ್ಗ ಕಟ್ಟಿಸಿಕೊಂಡು. ಸಾವಿರದ ಒಂಬೈನೂರ ಅರವತ್ತೆಂಟರ ಮಸ್ಟಾಂಗ್. ಎಂಟು ಸಿಲಿಂಡರ್, ಎಡಗಡೆ ಸ್ಟೇರಿಂಗ್. ಸ್ಟೇರಿಂಗ್ ಹಿಡಿದು ಕೂತಿದ್ದವಳು ಮೇಘಶ್ರೀ, ಅಲ್ಲಿನ ಕಾಲೇಜಿನಲ್ಲಿ ಕೆಮಿಸ್ಟ್ರಿ ಲೆಕ್ಚರರ್. ಇಳಿದವಳೇ ಕನ್ನಡಕ ಮೂಗಿನ ತುದಿಗೆ ಜಾರಿಸಿ, ಅದರ ಮೇಲಿಂದ ಇವನನ್ನು ಒಮ್ಮೆ ನೋಡಿದಳು. ಪರೀಕ್ಷೆಯಲ್ಲಿ ಕಾಪಿ ಹೊಡೆಯುವ ಹುಡುಗನನ್ನು ನೋಡುವಂಥ ನೋಟ. ಕೀರ್ತಿರಾಜನ ಎದೆಯಲ್ಲಿ ಆಗ ತಪ್ಪಿದ ತಾಳ ಇವತ್ತಿಗೂ ಕೂಡಿಲ್ಲ.

"ಇಂಥ ಗಾಡಿ ನೋಡಿದ್ದೀರಾ?"

"ನೋಡೋದೇನ್ ಬಂತು ಮೇಡಂ, ಇಂಥವನ್ನ ಅರವತ್ತು ಬಿಚ್ಚಿ ಕಟ್ಟಿವ್ನಿ. ಕಣ್ಣಿಗೆ ಬಟ್ಟೆ ಕಟ್ಟಿದ್ರೂ ಬಿಚ್ತೀನಿ."

"ಬೇಡಿ. ಕಣ್ಣು ಬಿಟ್ಕೊಂಡೇ ಬಿಚ್ಚಿ."

ತುಟಿಯ ಒಂದು ಮೂಲೆ ಮಾತ್ರ ನಕ್ಕಿತು. ಇನ್ನೊಂದು ಮೂಲೆ ನಗುವುದನ್ನು ಎರಡು ವರ್ಷದ ಹಿಂದೆಯೇ ಬಿಟ್ಟಿತ್ತು.

ಕಾರು ಅವಳ ಗಂಡ ಅನಿಲ್‌ಕುಮಾರನದು. ಎರಡು ವರ್ಷದ ಹಿಂದೆ ಇದೇ ಬೈಪಾಸಿನಲ್ಲಿ, ಬ್ರೇಕ್ ಹಿಡಿಯದ ಲಾರಿಯೊಂದು ಅವನ ಬೈಕಿನ ಮೇಲೆ ಹತ್ತಿತ್ತು. ಅವನು ಬಿಟ್ಟುಹೋದದ್ದು ಓಡದ ಈ ಕಾರು, ಮತ್ತು ಅಮೆರಿಕದಿಂದ ಒಂದೊಂದಾಗಿ ತರಿಸಿದ್ದ ಒಂದು ಮರದ ಪೆಟ್ಟಿಗೆಯಷ್ಟು ಪಾರ್ಟು.

ಮೇಘಶ್ರೀ ಆ ಪೆಟ್ಟಿಗೆಯನ್ನು ಬೆಂಚಿನ ಮೇಲಿಟ್ಟಳು. "ಈ ಕಾರಿಗೆ ಬಂದಿರೋದು ಎರಡು ಬಾಯಿಯ ಕಾರ್ಬ್ಯುರೇಟರ್. ಸಾಧು ಎಂಜಿನ್. ಅದೇ ವರ್ಷ ಕಂಪನಿಯವರೇ ಬೇಕು ಅಂದೋರಿಗೆ ನಾಲ್ಕು ಬಾಯಿದು ಹಾಕ್ಕೊಡ್ತಿದ್ರಂತೆ, ಅದಕ್ಕೆ ಜೋರೂ ಜಾಸ್ತಿ, ಸದ್ದೂ ಜಾಸ್ತಿ. ಕಾರ್ಬ್ಯುರೇಟರ್, ಅದರ ಕೆಳಗೆ ಕೂರೋ ಮ್ಯಾನಿಫೋಲ್ಡ್, ಎಲ್ಲಾ ಇದ್ರಲ್ಲಿದೆ. ಮಾಘದಲ್ಲಿ ಇವರ ತಿಥಿ. ರಾಮನಾಥಪುರದಲ್ಲಿ ಹೊಳೆ ದಂಡೆಗೆ ನಾನೇ ಓಡಿಸ್ಕೊಂಡು ಹೋಗ್ಬೇಕು, ಅವರು ಕೇಳ್ಬೇಕು ಅಂತಿದ್ದ ಸದ್ದಿನಲ್ಲಿ. ಆಮೇಲೆ ಕಾರನ್ನ ಮಾವನೋರು ಯಾರಿಗಾದ್ರೂ ಕೊಟ್ಬಿಡ್ತಾರೆ."

"ಆಗೋಯ್ತು ಅಂದ್ಕೊಳಿ!"

"ತಡೀರಿ. ಪಾರ್ಟು ಇದೇ ಕಾಲದ್ದಾಗಿದ್ರೆ ಮಾತ್ರ. ಬೇರೆ ವರ್ಷದ್ದು ಹಾಕಿ ಮೆರೆಸೋದು ಅವರಿಗೆ ಸೇರ್ತಿರಲಿಲ್ಲ. ಈ ಎಂಜಿನ್‌ಗೆ ಒಪ್ಪುತ್ತೋ ಇಲ್ವೋ, ನೋಡಿ ಹೇಳಿ. ನೀವು ಹೇಳಿದ್ದೇ ಕೊನೆ."

ಆಮೇಲೆ ಪ್ರತಿ ಶನಿವಾರ ಅವಳು ಬಸ್ಸಿನಲ್ಲಿ ಬಂದಳು. ಪ್ಲಗ್ ತಿಕ್ಕಿದಳು, ನಟ್ಟುಗಳನ್ನು ಸೀಮೆಎಣ್ಣೆಯಲ್ಲಿ ತೊಳೆದು ಸಾಲಾಗಿ ಜೋಡಿಸಿದಳು. ಇವನು ಮುನ್ನೂರ ನಲವತ್ತು ತೆಂಗಿನಕಾಯಿಯ ಕತೆಯಿಂದ ಹಿಡಿದು ಬಡಾಯಿ ಕೊಚ್ಚಿದ. ತಾನು ಹಾಸನದಲ್ಲಿ ಕೆಮ್ಮಿದರೆ ಅರಕಲಗೂಡಿನಲ್ಲಿ ನಿಂತ ಜೀಪು ಸ್ಟಾರ್ಟ್ ಆಗುತ್ತದೆಂದ.

"ಈಗ ಕೆಮ್ಮಿ, ನೋಡೋಣ."

"ಬ್ಯಾಡಿ ಮೇಡಂ. ಪಾಪ, ಯಾರೋ ಅದರ ಕೆಳಗೆ ಮಲಗಿರ್ತಾರೆ."

ಅವಳು ಮುಖ ತಿರುಗಿಸಿಕೊಂಡಳು. ಭುಜ ಮಾತ್ರ ಅಲುಗುತ್ತಿತ್ತು. ಕೆನ್ನೆಗೆ ಗ್ರೀಸು ಮೆತ್ತಿಕೊಂಡಿತ್ತು. ಹೇಳಲೋ ಬೇಡವೋ ಎಂದು ಕೀರ್ತಿರಾಜ್ ಅರ್ಧ ಗಂಟೆ ಯೋಚಿಸಿದ. ಹೇಳಿದರೆ ಒರೆಸಿಕೊಳ್ಳುತ್ತಾಳೆ. ಹೇಳಲಿಲ್ಲ.

"ಅವ್ವಾ, ಕೆನ್ನೆ ಮ್ಯಾಲೆ ಮಸಿ ಐತೆ," ಎಂದು ಟೀ ತಂದ ಮುದ್ದಮ್ಮ ಕೂಗಿದಳು. "ಇವ್ನು ಆಗ್ಲಿಂದ ಅದ್ನೇ ನೋಡ್ತಾ ಕುಂತವ್ನೆ, ಬಾಯ್ಬುಟ್ಟು ಯೋಳಾಕೇನಾಗಿತ್ಲಾ?"

ಕಾರು ಹಳೆಯ ಕಾರ್ಬ್ಯುರೇಟರಿನಲ್ಲೇ ಓಡುವಂತಾದ ಶನಿವಾರ ಇಬ್ಬರೂ ಹೊಳೆನರಸೀಪುರದ ರಸ್ತೆಗೆ ಹೊರಟರು. ಅವಳು ಎಡಕ್ಕೆ, ಇವನು ಬಲಕ್ಕೆ. ಸ್ಟೇರಿಂಗೇ ಇಲ್ಲದೆ ಕೈಕಟ್ಟಿ ಕೂತಿದ್ದ ಇವನನ್ನು ನೋಡಿ ಎದುರಿನ ಬಸ್ಸಿನ ಡ್ರೈವರ್ ದಂಗಾದ. ಇವನು ಗಂಭೀರವಾಗಿ ಕೈ ಎತ್ತಿ ನಮಸ್ಕರಿಸಿದ. ಅವಳು ಗಟ್ಟಿಯಾಗಿ ನಕ್ಕಳು, ತುಟಿಯ ಎರಡೂ ಮೂಲೆಯಲ್ಲಿ.

ಇಳಿಜಾರಿನಲ್ಲಿ ಒಂದು ಎಮ್ಮೆ ಅಡ್ಡ ಬಂತು. ಮೇಘಶ್ರೀ ಬ್ರೇಕ್ ತುಳಿದಳು. ಹಳೇ ಕಾಲದ ಡ್ರಮ್ ಬ್ರೇಕ್. ಕಾರು ಎಳೆದುಕೊಂಡು ಎಳೆದುಕೊಂಡು ಹೋಗಿ, ಎಮ್ಮೆಗೆ ಒಂದು ಮೊಳ ಉಳಿದಾಗ ನಿಂತಿತು. ಗಾಡಿ ನಿಂತರೂ ಅವಳ ಕೈ ಸ್ಟೇರಿಂಗನ್ನು ಬಿಗಿಹಿಡಿದೇ ಇತ್ತು. ಇವನು ತನ್ನ ಕೈಯನ್ನು ಅದರ ಮೇಲಿಟ್ಟ. ಅವಳು ತೆಗೆಯಲಿಲ್ಲ. ಎಮ್ಮೆ ನಿಧಾನವಾಗಿ ರಸ್ತೆ ದಾಟಿತು.

"ಇವರಿದ್ದಿದ್ರೆ ಎಷ್ಟು ಖುಷಿಪಡ್ತಿದ್ರು," ಎಂದಳು ಅವಳು.

ಕೀರ್ತಿರಾಜ್ ಕೈ ತೆಗೆದ.

ಸಂಜೆ ಅವಳನ್ನು ಬಸ್ಸು ಹತ್ತಿಸಿ ಬಂದು ಪೆಟ್ಟಿಗೆ ಬಿಚ್ಚಿದ. ಮ್ಯಾನಿಫೋಲ್ಡನ್ನು ಉಜ್ಜಿದ. ಎರಕದಲ್ಲೇ ಮೂಡಿದ ಅಕ್ಷರ, ಅಂಕಿಗಳು ಕಂಡವು: ವರ್ಷಕ್ಕೆ ಎಂಟು, ತಿಂಗಳಿಗೆ B, ಅಂದರೆ ಫೆಬ್ರವರಿ, ದಿನಕ್ಕೆ ಹನ್ನೆರಡು. ಮೇಲಿನ ಸಾಲಿನ ಮೊದಲಿಗೆ ಒಂದು C. ಟಾರ್ಚ್ ಹಿಡಿದು ಕಾರಿನ ಎಂಜಿನ್ ನೋಡಿದ. ಅಲ್ಲೂ C, ಅಲ್ಲೂ ಎಂಟು. ಈ ಎಂಜಿನ್ನಿಗೆಂದೇ ಹುಟ್ಟಿದ್ದು. ಸತ್ತವನು ಒಂದು ಕೂದಲಿನಷ್ಟೂ ತಪ್ಪಿರಲಿಲ್ಲ.

ಮುಂದಿನ ಶನಿವಾರ ಅವಳು ಕೇಳಿದಳು, "ಒಪ್ಪುತ್ತಾ?"

"ಇಲ್ಲ ಮೇಡಂ. ಪಾರ್ಟಿನ ಮ್ಯಾಲಿರೋ ಈ ಎಂಟು ಅರವತ್ತೆಂಟರದ್ದಲ್ಲ, ಎಪ್ಪತ್ತೆಂಟರದ್ದು. ಯಾರೋ ಅವರಿಗೆ ಟೋಪಿ ಹಾಕವ್ರೆ."

ಅವಳು ಅಳಲಿಲ್ಲ. ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದಳು, ಮತ್ತೆ ಒರೆಸಿದಳು. "ಎರಡು ವರ್ಷ ರಾತ್ರಿಯೆಲ್ಲಾ ಕೂತು ಹುಡುಕಿದ್ರು," ಎಂದಷ್ಟೇ ಅಂದು, ಕಾರನ್ನು ಶೆಡ್ಡಿನಲ್ಲೇ ಬಿಟ್ಟು, ಪೆಟ್ಟಿಗೆಯನ್ನು ಎತ್ತಿಕೊಂಡು ಹೋದಳು. ಹೊರಲು ಬಂದ ಇವನನ್ನು ಬೇಡವೆಂದಳು.

ಆಮೇಲಿನ ಶನಿವಾರ ಬರಲಿಲ್ಲ. ಅದರ ಮುಂದಿನದೂ ಬರಲಿಲ್ಲ. ಎರಡು ತಿಂಗಳು ಕಳೆಯಿತು. ಆ ಎರಡು ತಿಂಗಳಲ್ಲಿ ಕೀರ್ತಿರಾಜ್ ಎಷ್ಟು ಬಡಾಯಿ ಕೊಚ್ಚಿದನೆಂದರೆ, ಒಂದೂ ಇಲ್ಲ. ಮುದ್ದಮ್ಮ ಹೆದರಿ ಅವನ ಹಣೆ ಮುಟ್ಟಿ ನೋಡಿದಳು.

ತಿಥಿಗೆ ಹತ್ತು ದಿನವಿದ್ದಾಗ ಮಧ್ಯಾಹ್ನದ ಬಸ್ಸಿನಿಂದ ಮೇಘಶ್ರೀ ಇಳಿದಳು. ಕೈಯಲ್ಲಿ ಅದೇ ಪೆಟ್ಟಿಗೆ, ಅದರ ಮೇಲೆ ಒಂದು ನೋಟ್‌ಬುಕ್ಕಿತ್ತು. ಇಳಿದುಹೋದ ಅವಳ ಮುಖ ನೋಡಿಯೇ ಇವನು ಸ್ಪ್ಯಾನರ್ ಕೆಳಗಿಟ್ಟ.

"ಅವರ ಅಲ್ಮೇರಾದಲ್ಲಿ ಸಿಕ್ತು," ಎಂದು ಒಂದು ಪುಟ ತೆರೆದಳು. "C ಅಂದ್ರೆ ಅರವತ್ತರ ದಶಕ. D ಅಂದ್ರೆ ಎಪ್ಪತ್ತರದ್ದು. ಇದರ ಮೇಲಿರೋದು C. ಎಪ್ಪತ್ತೆಂಟಾಗಿದ್ರೆ D ಇರ್ಬೇಕಿತ್ತು." ಕನ್ನಡಕದ ಮೇಲಿಂದ ನೋಡಿದಳು. ಮೊದಲ ದಿನದ ನೋಟವೇ, ಈಗ ಅದರಲ್ಲಿ ತಮಾಷೆ ಇರಲಿಲ್ಲ. "ಗೊತ್ತಿಲ್ದೆ ಹೇಳಿದ್ರಾ, ಗೊತ್ತಿದ್ದೂ ಹೇಳಿದ್ರಾ?"

ಗೊತ್ತಿರಲಿಲ್ಲ ಅನ್ನುವುದು ಎಷ್ಟು ಸುಲಭವಿತ್ತು. ಅವಳೇ ಬಾಗಿಲು ತೆರೆದು ನಿಂತಿದ್ದಳು.

"ಗೊತ್ತಿತ್ತು," ಎಂದ ಕೀರ್ತಿರಾಜ್.

"ಯಾಕೆ?"

"ಬ್ರೇಕು ಮೇಡಂ. ಆ ಡ್ರಮ್ಮು ಈ ಎಂಜಿನ್ನೇ ತಡೆಯಕ್ಕಿಲ್ಲ. ಇನ್ನ ನಾಲ್ಕು ಬಾಯಿದು ಹಾಕಿ ನಿಮ್ಮ ಕೈಗೆ ಕೊಟ್ಟು..."

"ಬ್ರೇಕ್ ಅಂದಿದ್ರೆ ನಾನು ಕೇಳ್ತಿರಲಿಲ್ವಾ? ಬ್ರೇಕ್ ಅಂದ್ರೆ ಏನು ಅಂತ ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು ರೀ?"

ಅವನು ತಲೆ ತಗ್ಗಿಸಿದ. "ಬ್ರೇಕು ನೆಪ. ನಿಮ್ಮ ಕೈ ಮ್ಯಾಲೆ ನಾನು ಕೈ ಇಟ್ಟಾಗ ನೀವು ಅವ್ರ ಹೆಸರು ತಗುದ್ರಿ. ಅವ್ರ ಸದ್ದು ನನ್ನ ಕೈಯಾರೆ ಎಬ್ಬಿಸಿ, ನಿಮ್ಮನ್ನ ಅದರೊಳಗೆ ಕೂರ್ಸಿ ಕಳ್ಸಾಕೆ ಮನಸ್ಸು ಬರಲಿಲ್ಲ. ಸತ್ತೋರ ಮ್ಯಾಲೆ ಹೊಟ್ಟೆಕಿಚ್ಚು ಪಟ್ಟೆ. ನೀವು ಅಂದ್ರೆ ನನಗೆ... ಅಷ್ಟು."

ಮೇಘಶ್ರೀ ರಸ್ತೆಯ ಕಡೆ ತಿರುಗಿದಳು. ಬೈಪಾಸಿನಲ್ಲಿ ಲಾರಿಗಳು ಹೋಗುತ್ತಿದ್ದವು. ಒಂದೊಂದು ಲಾರಿಗೂ ಅವಳ ಕಣ್ಣೆವೆ ಅದುರುತ್ತಿತ್ತು.

"ಎರಡು ತಿಂಗಳು ಅವರ ಫೋಟೋ ಮುಂದೆ ನಿಂತು ಬೈದಿದ್ದೀನಿ. ಪೆದ್ದ, ಯಾರೋ ಟೋಪಿ ಹಾಕಿದ್ದೂ ಗೊತ್ತಾಗಲಿಲ್ವಾ ಅಂತ. ಅದನ್ನ ಯಾರು ವಾಪಸ್ ತಗೋತಾರೆ?"

ಮುದ್ದಮ್ಮ ಎರಡು ಲೋಟ ಟೀ ತಂದವಳು, ಇಬ್ಬರ ಮುಖ ನೋಡಿ, ಲೋಟಗಳನ್ನಿಟ್ಟು ಸುಮ್ಮನೆ ಹೋದಳು.

"ಈಗ ಸುಳ್ಳಿಲ್ಲದೆ ಹೇಳಿ," ಎಂದಳು ಮೇಘಶ್ರೀ. "ಒಪ್ಪುತ್ತಾ?"

ಹೌದೆಂದರೆ ಅವಳು ಆ ಸದ್ದಿನಲ್ಲಿ ರಾಮನಾಥಪುರಕ್ಕೆ ಹೋಗುತ್ತಾಳೆ, ಕಾರನ್ನು ಮಾವನ ಕೈಗೆ ಬಿಡುತ್ತಾಳೆ, ಶನಿವಾರಗಳೂ ಅಲ್ಲಿಗೆ ಮುಗಿಯುತ್ತವೆ.

"ಒಪ್ತದೆ. ಮುಂದಿನ ಚಕ್ರಕ್ಕೆ ಡಿಸ್ಕ್ ಬ್ರೇಕ್ ಹಾಕಿದ್ರೆ ಮಾತ್ರ. ಅದೂ ಆ ವರ್ಷ ಕಂಪನಿಯೋರೇ ಕೊಡ್ತಿದ್ದದ್ದೇ. ಹುಡುಕಿ ತರಿಸಾಕೆ ಮೂರು ತಿಂಗಳಾಯ್ತದೆ. ಈ ತಿಥಿಗೆ ಆಗಕ್ಕಿಲ್ಲ."

"ಹಾಗಾದ್ರೆ ಈ ಸಲ ಬಸ್ಸಲ್ಲಿ ಹೋಗ್ತೀನಿ." ನೋಟ್‌ಬುಕ್ಕನ್ನು ಅವನ ಕಡೆ ತಳ್ಳಿದಳು. "ಇನ್ನೇನಾದ್ರೂ ಸುಳ್ಳಿದೆಯಾ? ಇವತ್ತೇ ಹೇಳಿಬಿಡಿ. ಆಮೇಲೆ ಕೇಳಿಸ್ಕೊಳ್ಳಲ್ಲ."

ಆಮೇಲೆ, ಅಂದಳು. ಕೀರ್ತಿರಾಜ್ ಆ ಒಂದು ಮಾತನ್ನು ಎತ್ತಿಕೊಂಡು ಎದೆಯೊಳಗಿಟ್ಟುಕೊಂಡ.

"ಅರವತ್ತಲ್ಲ ಮೇಡಂ, ಇಂಥ ಎಂಜಿನ್ ಒಂದೂ ಬಿಚ್ಚಿಲ್ಲ. ಇದೇ ಮೊದಲು."

"ಗೊತ್ತಿತ್ತು. ಮತ್ತೆ?"

"ಮೊದಲನೇ ದಿನ ಗಾಡಿ ಸ್ಟಾರ್ಟೇ ಆಗಲಿಲ್ಲ. ಮುದ್ದಮ್ಮನ ಗಂಡ, ನಾನು ತಳ್ಳಿ ತಳ್ಳಿ ಸೊಂಟ ಬಿತ್ತು. ಹನ್ನೊಂದನೇ ದಿನ ಒಂದು ಸಲ ಕೆಮ್ಮಿ ಆಫ್ ಆಯ್ತು."

"ಮುನ್ನೂರ ನಲವತ್ತು ತೆಂಗಿನಕಾಯಿ?"

ಅವನು ಆರಿದ ಟೀಯನ್ನೇ ನೋಡುತ್ತಾ ಹೇಳಿದ, "ಒಂದೂ ಉದುರಲಿಲ್ಲ ಮೇಡಂ."