ದೈತ್ಯನಿಗೆ ಮಾತು ಕಲಿಸಿದವಳು

ಒಂದಾನೊಂದು ಕಾಲದಲ್ಲಿ, ಉತ್ತರದ ಕಡಲಿನ ಫ್ಯಾರೋ ದ್ವೀಪಗಳಲ್ಲಿ ಸ್ಕಾರ್ವೋಯ್ ಎಂಬ ಊರೊಂದಿತ್ತು. ಅಲ್ಲಿನ ಆಸ್ಪತ್ರೆಯ ಕೆಳಗಿನ ಇಳಿಜಾರಿನಲ್ಲಿ ಒಬ್ಬ ದೈತ್ಯ ಮಲಗಿದ್ದ. ಮಣ್ಣು ಅವನ ಕಂಬಳಿ, ಹುಲ್ಲು ಅವನ ಕೂದಲು, ಡೀಸೆಲ್ ಅವನ ಊಟ. ಗಾಳಿ ಬಂದು ಊರಿನ ದೀಪಗಳನ್ನೆಲ್ಲ ಕದ್ದೊಯ್ದ ದಿನ ಆಸ್ಪತ್ರೆಗೆ ಬೆಳಕು ಕೊಡುವುದು ಅವನ ಕೆಲಸ. ಆದರೆ ಅವನಿಗೆ ಬಾಯಿ ಇರಲಿಲ್ಲ. ಹಸಿದರೆ ಹೇಳಿಕೊಳ್ಳಲಾರ. ಹಾಗಾಗಿ ಒಬ್ಬ ಮನುಷ್ಯ ಬೆಳಗಾದರೆ ಉದ್ದನೆಯ ಕೋಲು ಹಿಡಿದು, ಜಾರುವ ಹುಲ್ಲಿನ ಮೇಲೆ ಇಳಿದು, ಅವನ ಹೊಟ್ಟೆ ಅಳೆದು ಬರುತ್ತಿದ್ದ.

ಇದು ಸುನ್ವಾ ಚಿಕ್ಕವಳಿದ್ದಾಗ ಕಟ್ಟಿಕೊಂಡ ಕಥೆ. ಉಣ್ಣೆ ಹೆಣೆಯುತ್ತಾ ಅಜ್ಜಿ ಹೇಳುತ್ತಿದ್ದ ಕಥೆಗಳಲ್ಲಿ ಬೆಟ್ಟಕ್ಕೊಬ್ಬ ದೈತ್ಯನಿದ್ದ. ಆಸ್ಪತ್ರೆಯ ಜನರೇಟರಿಗೆ ಎಣ್ಣೆ ಕೊಡುವ ಟ್ಯಾಂಕ್ ಮಾತ್ರ ದೈತ್ಯನಾಗದೆ ಉಳಿದೀತೇ? ಕೋಲಿನ ಮನುಷ್ಯ ಪಕ್ಕದ ಮನೆಯ ಹಾನುಸ್, ಆಸ್ಪತ್ರೆಯ ಕಟ್ಟಡ ನೋಡಿಕೊಳ್ಳುವವನು.

“ಮಾವ, ದೊಡ್ಡೋಳಾದ್ಮೇಲೆ ನಾನು ಅವನಿಗೆ ಮಾತು ಕಲಿಸ್ತೀನಿ. ಆಮೇಲೆ ನೀನು ಇಳೀಲೇಬೇಡ.”

“ಮಾತು ಕೊಟ್ಟೆ ಅಂದ್ಕೊಳ್ಲಾ?”

“ಕೊಟ್ಟೆ.”

ಹುಡುಗಿಯರು ಕೊಡುವ ಮಾತು ಗಾಳಿಗೆ ಹೋಗುವುದುಂಟು. ಸುನ್ವಾಳದು ಹೋಗಲಿಲ್ಲ. ಅವಳು ರಾಜಧಾನಿಯಲ್ಲಿ ಕಲಿತು, ಕಟ್ಟಡಗಳ ಹೀಟರ್, ಲೈಟು, ಬಾಗಿಲುಗಳನ್ನೆಲ್ಲ ಒಂದೇ ನೆಟ್‌ವರ್ಕಿಗೆ ಕಟ್ಟುವ ಕಂಪನಿ ಸೇರಿದಳು. ಸ್ಕಾರ್ವೋಯ್ ಆಸ್ಪತ್ರೆಯ ಟ್ಯಾಂಕಿಗೆ ಅಳತೆಯ ಯಂತ್ರ ಕೂರಿಸಿ, ಅದರ ಲೆಕ್ಕ ಕಟ್ಟಡದ ಪರದೆಯ ಮೇಲೆ ಕಾಣುವಂತೆ ಮಾಡಬೇಕು ಎಂಬ ಕೆಲಸ ಬಂದಾಗ, ಬೇರೆ ಯಾರೂ ಕೈ ಎತ್ತುವ ಮೊದಲೇ ಎತ್ತಿದಳು.

ಜುಲೈ ತಿಂಗಳು. ಇಳಿಜಾರಿನ ಮೇಲೆ ಮಂಜು ಕುರಿಗಳ ಜೊತೆ ಮೇಯುತ್ತಿತ್ತು. ಟ್ಯಾಂಕಿನ ಗುಂಡಿಯಿಂದ ಎರಡು ಬೂಟುಗಾಲು ಮೇಲಕ್ಕೆ ಚಾಚಿಕೊಂಡಿದ್ದವು.

“ಯಾರೋ ಅದು? ಆಸ್ಪತ್ರೆ ಡೀಸೆಲ್ ಕದಿಯೋಕೆ ನಾಚಿಕೆ ಆಗಲ್ವಾ?”

ಬೂಟು ಒದ್ದಾಡಿತು. ಒಂದು ತಲೆ ಹೊರಬಂತು. ಗಡ್ಡಕ್ಕೆ ಎಣ್ಣೆ ಮೆತ್ತಿತ್ತು, ಹಣೆಗೆ ಮಣ್ಣು. ಅವನು ಅವಳನ್ನು ನೋಡಿದ. ಮೊದಲು ಎಡಗಣ್ಣು ಕಿರಿದಾಯಿತು, ಆಮೇಲೆ ಅದೇ ಬದಿಯ ತುಟಿ ಮೇಲೆದ್ದಿತು. ನಗು ಕಣ್ಣಿಂದ ಬಾಯಿಗೆ ಇಳಿಯಲು ಮೆಟ್ಟಿಲು ಹುಡುಕುತ್ತಿದೆಯೇನೋ ಎಂಬಂತೆ.

“ಕದಿಯೋಕೆ ಬಂದಿದ್ದು ನಿಜ. ಆದ್ರೆ ಡೀಸೆಲ್ ಅಂತ ಯಾರು ಹೇಳಿದ್ರು?”

ಅವನ ಹೆಸರು ಟೈಟುರ್. ಅಳತೆಯ ಯಂತ್ರದ ಕಂಪನಿಯವನು, ಉತ್ತರದ ದ್ವೀಪದವನು. ಯಂತ್ರ ಅವನದು, ನೆಟ್‌ವರ್ಕ್ ಅವಳದು. ಯಂತ್ರದ ಭಾಷೆ ಕಟ್ಟಡಕ್ಕೆ ತಿಳಿಯದು, ಕಟ್ಟಡದ ಭಾಷೆ ಯಂತ್ರಕ್ಕೆ ತಿಳಿಯದು; ನಡುವೆ ಒಂದು ದುಭಾಷಿ ಪೆಟ್ಟಿಗೆ. ಮದುವೆಮನೆಯಲ್ಲಿ ಇರುವಂತೆ ಇಲ್ಲಿಯೂ ಎರಡು ಕಡೆ.

“ಏನಮ್ಮಾ ಕಟ್ಟಡದ ಕಡೆಯವಳೇ, ನಿಮ್ಮ ಕಡೆ ಕಾಫಿಗೀಫಿ ಉಂಟಾ?”

“ಟ್ಯಾಂಕಿನ ಕಡೆಯವರಿಗೆ ಡೀಸೆಲ್ಲೇ ಕಾಫಿ. ಕುಡ್ಕೊ.”

ಹಾನುಸ್ ಇಬ್ಬರನ್ನೂ ನೋಡಿ, ಒಣಮಾಂಸ ಚೂರು ಮಾಡುತ್ತಿದ್ದ ಚಾಕುವನ್ನು ಮೂಗಿನ ಮುಂದೆ ಆಡಿಸಿದ. “ಮಗಳೇ, ದೈತ್ಯನಿಗೆ ಮಾತು ಕಲಿಸೋಕೆ ಬಂದೆಯೋ, ಇವನ ಹತ್ರ ಕಲಿಯೋಕೆ ಬಂದೆಯೋ?”

ಕೆಲಸ ಮುಗಿಯುವ ದಿನ ಟೈಟುರ್ ಟ್ಯಾಂಕಿನ ಬಳಿ ನಿಂತ, ಸುನ್ವಾ ನೆಲಮಾಳಿಗೆಯ ಪರದೆಯ ಮುಂದೆ ಕೂತಳು. ನಡುವೆ ಫೋನು. ಯಂತ್ರ ಸಾಲಾಗಿ ಐದು ಸಂಖ್ಯೆ ಕೊಡುತ್ತಿತ್ತು: ಎಣ್ಣೆಯ ಎತ್ತರ, ಟ್ಯಾಂಕಿನಲ್ಲಿ ಶೇಕಡ ಎಷ್ಟು ಎಣ್ಣೆ, ಎಷ್ಟು ಖಾಲಿ, ತಳದ ನೀರು, ಬಿಸಿ. ಅದರಲ್ಲಿ ಎಣ್ಣೆಯದನ್ನು ಆರಿಸಿ ಪರದೆಗೆ ತರಬೇಕಿತ್ತು.

“ಎಷ್ಟನೇದು?” ಎಂದಳು.

“ಮೂರನೇದು.”

“ಖಂಡಿತಾನಾ?”

“ನಿನ್ನ ದನಿ ಕಿವೀಲಿದ್ರೆ ನನಗೆ ಯಾವುದೂ ಖಂಡಿತ ಇರಲ್ಲ. ಮೂರನೇದೇ.”

ಮೂರನೆಯದನ್ನು ಆರಿಸಿದಳು. ಪರದೆಯ ಮೇಲೆ ಐವತ್ತು ಬಂತು. ಟೈಟುರ್ ಕೋಲು ಇಳಿಸಿ ನೋಡಿದ. “ಅರ್ಧ! ಸರಿಯಾಗಿ ಅರ್ಧ. ನಿನ್ನಲ್ಲಿ?”

“ಐವತ್ತು!”

ದೈತ್ಯ ಮಾತಾಡಿದ್ದ. ನೆಲಮಾಳಿಗೆಯಲ್ಲಿ ಯಾರೂ ಇರಲಿಲ್ಲವೆಂದು ಅವಳು ಎದ್ದು ಒಂದು ಸುತ್ತು ಕುಣಿದಳು.

ನಿಯಮದಂತೆ ಇನ್ನೊಂದು ಬಾಕಿಯಿತ್ತು. ಎಣ್ಣೆ ಲಾರಿ ಬಂದು ಟ್ಯಾಂಕ್ ತುಂಬಿದ ಮೇಲೆ ಮತ್ತೊಮ್ಮೆ ತಾಳೆ ನೋಡಬೇಕು. ಲಾರಿ ಬರುವುದು ಓಲಾವ ಹಬ್ಬ ಕಳೆದ ಮೇಲೆ. ಹಬ್ಬ ರಾಜಧಾನಿಯಲ್ಲಿ, ಹೋಗುವ ದೋಣಿ ಅವತ್ತು ಸಂಜೆ ಐದಕ್ಕೆ.

“ಲಾರಿ ಕಾಯ್ತೀಯಾ, ಹಬ್ಬಕ್ಕೆ ಬರ್ತೀಯಾ?” ಟೈಟುರ್ ಕೇಳಿದ. ಗಡ್ಡ ತೊಳೆದುಕೊಂಡಿದ್ದ. ಎಡಗಣ್ಣು ಕಿರಿದಾಗಿತ್ತು. “ಅರ್ಧಕ್ಕೆ ಸರಿ ಹೇಳೋನು ತುಂಬಿದ್ರೆ ಸುಳ್ಳು ಹೇಳ್ತಾನಾ? ಬಾರೇ.”

ಅವಳು ಹಾನುಸ್‌ಗೆ ಪರದೆ ತೋರಿಸಿ, “ಮುಗೀತು ಮಾವ” ಎಂದಳು. ಐದರ ದೋಣಿ ಹತ್ತಿದಳು.

ಹಬ್ಬದಲ್ಲಿ ಊರೆಲ್ಲ ಕೈ ಹಿಡಿದು ಸಾಲು ಕಟ್ಟಿ, ಹಳೆಯ ಹಾಡಿಗೆ ನೆಲ ನಡುಗುವಂತೆ ಕುಣಿಯಿತು. ಎಡಕ್ಕೆ ಎರಡು ಹೆಜ್ಜೆ, ಬಲಕ್ಕೆ ಒಂದು. ಅವನ ಬೆರಳಲ್ಲಿ ಇನ್ನೂ ಡೀಸೆಲ್ ವಾಸನೆ. ಸಾಲು ಬಾಗಿ ಎದುರುಬದುರಾದಾಗಲೆಲ್ಲ ಅವನು ಹಾಡುವುದನ್ನು ಮರೆತು ಅವಳನ್ನೇ ನೋಡುತ್ತಿದ್ದ. ಪಕ್ಕದ ಹೆಂಗಸು ಅವನ ಕಾಲು ತುಳಿದು, “ಹಾಡಪ್ಪಾ, ಹುಡುಗಿ ಎಲ್ಲೂ ಓಡಿಹೋಗಲ್ಲ” ಎಂದಳು.

ಓಡಿಹೋಗಲಿಲ್ಲ. ಶರತ್ಕಾಲವಿಡೀ ಅವನ ಸ್ವೆಟರ್ ಅವಳ ಕುರ್ಚಿಯ ಮೇಲಿತ್ತು. ವಾರಕ್ಕೊಮ್ಮೆ ಹಾನುಸ್ ಫೋನು ಮಾಡುತ್ತಿದ್ದ. “ಮಗಳೇ, ದೈತ್ಯನ ಹೊಟ್ಟೆ ಅರವತ್ತಾಯ್ತು. ನಾನು ಕುರಿ ಕೂಡಿಸೋಕೆ ಗುಡ್ಡಕ್ಕೆ ಹೋದಾಗ ಲಾರಿ ಬಂದಿರ್ಬೇಕು. ಕೋಲಿಗೆ ಜೇಡ ಗೂಡು ಕಟ್ಟಿದೆ!”

ಲಾರಿ ಬಂದಿರಲಿಲ್ಲ. ಹಬ್ಬದ ಗಡಿಬಿಡಿಯಲ್ಲಿ ಒಮ್ಮೆ ತಪ್ಪಿತು. ಆಮೇಲೆ ಆಸ್ಪತ್ರೆಯವರೇ, ಪರದೆ ಅರವತ್ತು ಎನ್ನುತ್ತಿದೆ, ಈಗ ಬೇಡ ಎಂದುಬಿಟ್ಟರು. ಹಾನುಸ್‌ನ ಮಾತು ಕೇಳಿ ಸುನ್ವಾಗೆ ಒಂದು ಗಳಿಗೆ ಏನೋ ಚುಚ್ಚಿದಂತಾಯಿತು. ಆದರೆ ಟೈಟುರ್ ಹಿಂದಿನಿಂದ ಬಂದು ಕುತ್ತಿಗೆಗೆ ತಣ್ಣನೆಯ ಮೂಗು ಒತ್ತಿದ. ಚುಚ್ಚಿದ್ದು ಯಾವುದೆಂದು ಮರೆತೇಹೋಯಿತು.

ಡಿಸೆಂಬರಿನ ಬಿರುಗಾಳಿ ಸ್ಕಾರ್ವೋಯ್‌ನ ಕರೆಂಟು ಕಿತ್ತುಕೊಂಡು ಹೋಯಿತು. ದೈತ್ಯ ಎದ್ದ, ಬೆಳಕು ಕೊಟ್ಟ, ಮರುದಿನ ಮಧ್ಯಾಹ್ನ ಕೆಮ್ಮಿ ಸತ್ತ. ಪರದೆ ಆರುವ ಮುಂಚೆ ತೊಂಬತ್ತೇಳು ತೋರಿಸುತ್ತಿತ್ತು. ಏನೂ ಅರ್ಥವಾಗದೆ ಹಾನುಸ್ ಜೇಡನ ಬಲೆ ಒರೆಸಿ ಕೋಲು ತೆಗೆದುಕೊಂಡ. ಆ ಗಾಳಿಯಲ್ಲಿ ಇಳಿದ. ಹುಲ್ಲು ಅವನ ಕಾಲನ್ನು ಹಿಡಿಯಲಿಲ್ಲ.

ಮೀನುಗಾರರು ತಮ್ಮ ದೋಣಿಗಳ ಎಣ್ಣೆಯನ್ನು ಕ್ಯಾನುಗಳಲ್ಲಿ ಹೊತ್ತು ತಂದು ಜನರೇಟರ್ ಎಬ್ಬಿಸಿದರು. ಒಳಗೆ ಯಾರೂ ಸಾಯಲಿಲ್ಲ. ಸೊಂಟ ಮುರಿದ ಹಾನುಸ್‌ನನ್ನು ಮಾತ್ರ ಅವನೇ ಕಾಯ್ದ ಕಟ್ಟಡದೊಳಗೆ, ದೀಪ ಮರಳುವ ಮೊದಲೇ ಟಾರ್ಚಿನ ಬೆಳಕಿನಲ್ಲಿ ಮಲಗಿಸಿದ್ದರು.

ಸುದ್ದಿ ಕೇಳಿದ ಕ್ಷಣವೇ ಸುನ್ವಾಗೆ ಎಲ್ಲವೂ ತಿಳಿಯಿತು. ಮೂರನೆಯ ಸಂಖ್ಯೆ ಎಣ್ಣೆಯದಲ್ಲ, ಖಾಲಿಯದು. ಜನರೇಟರ್ ಓಡಿದಾಗಲೆಲ್ಲ ಎಣ್ಣೆ ಇಳಿದಂತೆ ಖಾಲಿ ಏರುತ್ತಿತ್ತು, ಎಲ್ಲರೂ ಅದನ್ನು ಎಣ್ಣೆಯೆಂದು ನಂಬಿದ್ದರು. ತಾಳೆ ನೋಡಿದ ದಿನ ಟ್ಯಾಂಕ್ ಅರ್ಧವಿತ್ತು. ಇರುವುದೂ ಇಲ್ಲದಿರುವುದೂ ಒಂದೇ ಮುಖ ಹೊತ್ತು ನಿಲ್ಲುವುದು ಆ ಅರ್ಧದಲ್ಲಿ ಮಾತ್ರ.

ಆಸ್ಪತ್ರೆಯ ಮುಖ್ಯಸ್ಥೆ ರಗ್ನಾ ಇಬ್ಬರನ್ನೂ ಕರೆಸಿದಳು. ಮೇಜಿನ ಮೇಲೆ ಕಾಫಿ, ರುಬಾರ್ಬ್ ಕೇಕು, ಯಾರೂ ಮುಟ್ಟಲಿಲ್ಲ.

“ತಪ್ಪು ಸಂಖ್ಯೆ ಆರಿಸಿದ್ದು ಯಾರು?”

ಸುನ್ವಾ ಟೈಟುರ್‌ನತ್ತ ನೋಡಿದಳು. ಆ ಎಡಗಣ್ಣು ಕಿರಿದಾಗಲಿ, ಸಾಕು. ನಾನೇ ಹೇಳಿದ್ದು ಎಂದು ಅವನು ಬಾಯಿ ಬಿಡಲಿ; ಉಳಿದರ್ಧ, ಲಾರಿ ಕಾಯದೆ ಹೋದದ್ದು, ಅವಳು ಹೊರುತ್ತಾಳೆ. ಇಬ್ಬರೂ ಸೇರಿ ಹೊತ್ತರೆ ಎಷ್ಟು ಭಾರವಾದೀತು?

ಅವನು ಕಿಟಕಿಯ ಕಡೆ ನೋಡುತ್ತಿದ್ದ.

“ನಮ್ಮ ಯಂತ್ರ ಐದೂ ಸಂಖ್ಯೆಗಳನ್ನ ಸರಿಯಾಗೇ ಕೊಡ್ತಿತ್ತು” ಎಂದ. “ಯಾವುದನ್ನ ಎತ್ಕೋಬೇಕು ಅನ್ನೋದು ಕಟ್ಟಡದ ಕಡೆಯವರ ಕೆಲಸ.”

ಕಟ್ಟಡದ ಕಡೆಯವರು. ಅದೇ ಮಾತು, ಅದೇ ದನಿ. ಅದರೊಳಗಿನ ನಗುವನ್ನು ಮಾತ್ರ ಯಾರೋ ಹಿಂಡಿ ತೆಗೆದಿದ್ದರು.

“ಹೌದು. ನಾನೇ ಎತ್ಕೊಂಡೆ. ಲಾರಿ ಬರೋವರೆಗೂ ಕಾಯ್ಲಿಲ್ಲ” ಎಂದಳು ಸುನ್ವಾ. “ನಾನೇ ಸರಿ ಮಾಡ್ತೀನಿ.”

ಕಾರಿಡಾರಿನಲ್ಲಿ ಅವನು ಹಿಂದೆ ಓಡಿಬಂದ. “ನೋಡು, ಐಸ್‌ಲ್ಯಾಂಡಿನ ದೊಡ್ಡ ಕೆಲಸ ನನ್ನ ಕೈಗೆ ಬಂದಿದೆ. ಈ ತಪ್ಪು ನನ್ನ ಹೆಸರಿಗೆ ಬಿದ್ರೆ ಅದು ಹೋಯ್ತು. ನೀನು ಇದೇ ಊರಿನ ಮಗಳು. ನಿನ್ನ ಕ್ಷಮಿಸ್ತಾರೆ.”

“ಮೂರನೇದು ಅಂತ ಹೇಳಿದ್ದು ಯಾರು, ಟೈಟುರ್?”

“ನಾನೇ.” ದನಿ ತಗ್ಗಿತು. “ನನಗೆ ಗೊತ್ತು, ನಿನಗೆ ಗೊತ್ತು. ಅಷ್ಟು ಸಾಲದಾ?”

ಅವಳು ಅವನ ಮುಖವನ್ನು ಬಹಳ ಹೊತ್ತು ನೋಡಿದಳು. ಸುಂದರ ಮುಖ. ಆ ಮುಖದ ಮೇಲೆ ಅವಳಿಗೆ ಸಿಟ್ಟು ಬರಲಿಲ್ಲವೆಂಬುದೇ ಎಲ್ಲಕ್ಕಿಂತ ಕಹಿಯಾಗಿತ್ತು.

“ನಿನ್ನ ಸ್ವೆಟರ್ ತಗೊಂಡು ಹೋಗು” ಎಂದಳು.

ಹಾನುಸ್ ಗೋಡೆಯ ಕಡೆ ತಿರುಗಿ ಮಲಗಿದ್ದ.

“ಮಾವ, ನಾನು ಲಾರಿ ಕಾಯ್ಲಿಲ್ಲ. ಹಬ್ಬಕ್ಕೆ ಹೋಗ್ಬಿಟ್ಟೆ.”

“ಕುಣಿದೆಯಾ?”

“ಕುಣಿದೆ.”

“ಚೆನ್ನಾಗಿ?”

ಅವಳು ಜಾರಿದ್ದ ಕಂಬಳಿಯನ್ನು ಅವನ ಹೆಗಲಿಗೆ ಎಳೆದಳು.

“ಹೋಗ್ಲಿ. ಇಬ್ಬರಲ್ಲಿ ಒಬ್ಬರ ಕಾಲಾದ್ರೂ ಉಪಯೋಗಕ್ಕೆ ಬಂತು.” ನಕ್ಕನೋ ನರಳಿದನೋ. “ಸಮಾಧಾನ ಹೇಳ್ತೀನಿ ಅಂದ್ಕೋಬೇಡ, ನೋವು ಬಹಳ ಇದೆ. ನೀನು ಕೊಟ್ಟ ಮಾತು ಇನ್ನೂ ಬಾಕಿ ಇದೆ. ಮುಗಿಸ್ಬಿಟ್ಟು ಬಾ, ಆಮೇಲೆ ಈ ಕಡೆ ತಿರುಗ್ತೀನಿ.”

ಅಲ್ಲಿಯವರೆಗೆ ದಿನಾ ಕೋಲು ಹಿಡಿಯಲು ಮೀನುಗಾರರು ಸರದಿ ಹಾಕಿಕೊಂಡರು. ವಸಂತದಲ್ಲಿ ಕೆಂಪು ಕೊಕ್ಕಿನ ಹಕ್ಕಿಗಳು ಕಡಲಾಚೆಯಿಂದ ಮರಳಿದ ಮೇಲೆ ಟ್ಯಾಂಕನ್ನು ಪೂರ್ತಿ ಬರಿದು ಮಾಡಿ ತೊಳೆದರು. ಈ ಸಲ ತಳದಿಂದ ಕಂಠದವರೆಗೆ ತುಂಬಿಸುತ್ತಾ ಪ್ರತಿ ಹಂತದಲ್ಲೂ ತಾಳೆ ನೋಡುತ್ತೇನೆಂದು ಸುನ್ವಾ ಹಟ ಹಿಡಿದಿದ್ದಳು. ಅದಕ್ಕೆ ಯಂತ್ರದ ಬಳಿ ಅವರ ಕಡೆಯವನೊಬ್ಬ ಇರಬೇಕು. ಐಸ್‌ಲ್ಯಾಂಡಿಗೆ ಹೊರಡುವ ಮುನ್ನ ಕೊನೆಯ ಕೆಲಸವೆಂದು ಕಂಪನಿ ಟೈಟುರ್‌ನನ್ನೇ ಕಳಿಸಿತು.

ಮತ್ತೆ ಅವನು ಟ್ಯಾಂಕಿನ ಬಳಿ, ಅವಳು ನೆಲಮಾಳಿಗೆಯಲ್ಲಿ. ನಡುವೆ ಫೋನು. ಈ ಸಲ ಅವಳು ಎರಡನೆಯ ಸಂಖ್ಯೆಯನ್ನು ಆರಿಸಿದ್ದಳು. ಲಾರಿಯ ಪೈಪು ಗುಡುಗುಟ್ಟುತ್ತಿತ್ತು.

“ಇಪ್ಪತ್ತು” ಎಂದ, ತನ್ನ ಅಳತೆಪಟ್ಟಿ ಇಳಿಸಿ ನೋಡಿ.

“ಇಪ್ಪತ್ತು.”

“ನಲವತ್ತು.”

“ನಲವತ್ತು.”

“ಐವತ್ತು.”

“ಐವತ್ತು.”

ಪೈಪಿನ ಸದ್ದು ನಿಂತಿತು. ಅವನ ಉಸಿರು ಕೇಳುತ್ತಿತ್ತು. ಒಂದು ಕಾಲಕ್ಕೆ ಅವಳ ಕುತ್ತಿಗೆಗೆ ತಾಗುತ್ತಿದ್ದ ಉಸಿರು.

“ಸುನ್ವಾ. ನಾವು ಇಲ್ಲೇ ಇದ್ವಿ, ನೆನಪಿದೆಯಾ? ಎಲ್ಲಾ ಸರಿಯಾಗಿತ್ತು.”

“ಸರಿಯಾಗಿದ್ದ ಹಾಗೆ ಕಾಣ್ತಿತ್ತು.” ಅವಳು ಕಣ್ಣು ಮುಚ್ಚಿದಳು. “ಇಲ್ಲಿ ನಿಲ್ಲಿಸ್ಬೇಡ. ತುಂಬಿಸು.”

ಪೈಪು ಮತ್ತೆ ಗುಡುಗಿತು. ಅರವತ್ತು, ಎಪ್ಪತ್ತು, ಎಂಬತ್ತು. ಅವನು ಹೇಳಿದ್ದನ್ನೇ ಪರದೆಯೂ ಹೇಳಿತು.

“ತೊಂಬತ್ತೈದು. ಕಂಠದವರೆಗೂ.”

“ತೊಂಬತ್ತೈದು.”

“ಮೇಲೆ ಬರ್ಲಾ? ಒಂದು ಕಾಫಿ...”

“ದೋಣಿ ಐದಕ್ಕೆ. ತಪ್ಪಿಸ್ಕೋಬೇಡ” ಎಂದು ಫೋನು ಇಟ್ಟಳು.

ಆಮೇಲೆ ಗೋಡೆಯಿಂದ ಹಾನುಸ್‌ನ ಕೋಲು ತೆಗೆದು ತಾನೇ ಇಳಿಜಾರಿಗೆ ಬಂದಳು. ಅವನು ಹತ್ತುತ್ತಿದ್ದ. ಹಾದಿ ಕಿರಿದು, ಅವನು ಹುಲ್ಲಿಗೆ ಸರಿದು ದಾರಿ ಬಿಟ್ಟ. ಎಡಗಣ್ಣು ಕಿರಿದಾಯಿತು. ನಗು ಮಾತ್ರ ಬಾಯಿಯವರೆಗೆ ಇಳಿಯಲಿಲ್ಲ, ನಡುದಾರಿಯಲ್ಲೇ ಉಳಿಯಿತು.

“ಇನ್ನೂ ನಂಬಿಕೆ ಇಲ್ವಾ?” ಎಂದ.

“ಯಂತ್ರದ ಮೇಲಿದೆ” ಎಂದಳು.

ಅವನು ನಿಂತೇ ಇದ್ದ. ಅವಳು ತಿರುಗಿ ನೋಡಲಿಲ್ಲ. ನೋಡಿದ್ದರೆ ಏನಾಗುತ್ತಿತ್ತೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಬೂಟಿನ ಸದ್ದು ಮೇಲೆ ಮೇಲೆ ಹೋಗಿ ಗಾಳಿಯಲ್ಲಿ ಕರಗಿತು.

ಮುಚ್ಚಳ ತೆಗೆದು ಕೋಲು ಇಳಿಸಿದಳು, ಎತ್ತಿದಳು. ಎಣ್ಣೆಯ ಗುರುತು ಕಂಠದ ಗೆರೆಯಲ್ಲಿ ಮಿನುಗಿತು. ಮೇಲಿನ ಕಿಟಕಿಯಲ್ಲಿ ಹಾನುಸ್ ಊರುಗೋಲಿನ ಮೇಲೆ ವಾಲಿಕೊಂಡು, ಅವಳ ಕಡೆಗೇ ತಿರುಗಿ ನಿಂತಿದ್ದ.

“ಏನಂತಾನೇ ನಿನ್ನ ದೈತ್ಯ?” ಎಂದು ಕೂಗಿದ.

“ಹೊಟ್ಟೆ ತುಂಬಿದೆಯಂತೆ, ಮಾವ!”

“ನಿಜಾನಾ?”

ಕಣ್ಣು ಮಂಜಾಯಿತು. ದೂರದಲ್ಲಿ ಐದರ ದೋಣಿ ಕೂಗು ಹಾಕಿತು. ಸುನ್ವಾ ಕೋಲನ್ನು ಹುಲ್ಲಿಗೆ ಒರೆಸಿ, ದೈತ್ಯನ ಬಾಯಿ ಮುಚ್ಚಿದಳು.

“ನಿಜ ಮಾವ. ನೀನಿನ್ನು ಇಳೀಲೇಬೇಡ.”