ಗುಲಗಂಜಿ ಹುಳ ಮತ್ತು ಒಂಟಿ ಕಾಲುಚೀಲ

"ಈ ಹುಳ ನಿಮ್ಮದೇ ತಾನೇ?"

ಸಸಿ ಅಂಗಡಿಯವನು ತಲೆ ಎತ್ತಿದ. ಎದುರಿಗೆ ಮಹಡಿ ಮೇಲಿನ ದರ್ಜಿ ನಿಂತಿದ್ದಳು. ಅವಳ ಕೈಯಲ್ಲಿದ್ದ ಸ್ಟೀಲ್ ಡಬ್ಬಿಯೊಳಗೆ ಕೆಂಪು ಮೈಯ, ಕಪ್ಪು ಚುಕ್ಕೆಯ ಗುಲಗಂಜಿ ಹುಳಗಳು ಒಂದರ ಮೇಲೊಂದು ಹತ್ತುತ್ತಿದ್ದವು.

ಬೀದಿಯವರೆಲ್ಲ ಅವಳನ್ನು 'ಸೂಜಿ' ಎಂದೇ ಕರೆಯುತ್ತಿದ್ದರು. ಅದು ಅವಳ ಕೆಲಸಕ್ಕೆ ಇಟ್ಟ ಹೆಸರೋ, ನಾಲಿಗೆಗೆ ಇಟ್ಟ ಹೆಸರೋ, ಕೇಳುವ ಧೈರ್ಯ ಯಾರಿಗೂ ಇರಲಿಲ್ಲ.

"ಮಾತಾಡ್ರೀ! ಗಿಡದ ಹೇನು ತಿನ್ನಲಿ ಅಂತ ನೀವು ಈ ಹುಳ ತರಿಸಿದ್ದೀರಿ. ಪಾರ್ಸೆಲ್ ಬಂದಿದ್ದನ್ನ ನಾನೇ ಕಣ್ಣಾರೆ ನೋಡಿದ್ದೀನಿ. ಈಗ ನನ್ನ ಕಿಟಕಿ, ಗೋಡೆ, ಹೊಲಿಗೆ ಮಿಷನ್ನು... ಎಲ್ಲೆಲ್ಲೂ ಅವೇ! ಮದುವೆ ಹುಡುಗಿಗೆ ಹೊಲೀತಿರೋ ಬಿಳಿ ರಜಾಯಿ ಮೇಲೆಲ್ಲ ಹಳದಿ ಕಲೆ!"

ಅವನು ಏನೋ ಹೇಳಲು ಬಾಯಿ ತೆರೆದ. ಸಿಟ್ಟಿಗೆ ಅವಳ ಮೂಗಿನ ತುದಿ ಕೆಂಪಾಗಿತ್ತು, ಹಣೆಯ ಮೇಲಿನ ಕೂದಲಲ್ಲಿ ಒಂದು ಹುಳ ಆರಾಮಾಗಿ ಕೂತಿತ್ತು. ತೆರೆದ ಬಾಯಿಯನ್ನು ಹಾಗೇ ಮುಚ್ಚಿಕೊಂಡ.

"ಹುಳ ಹೊಸಕಿದ್ರಾ?" ಎಂದಷ್ಟೇ ಕೇಳಿದ.

"ಮತ್ತೇನು, ಮುದ್ದು ಮಾಡಬೇಕಿತ್ತಾ?"

"ಹೊಸಕಿದ್ರೆ ಹಳದಿ ನೀರು ಬಿಡ್ತವೆ. ಆ ಕಲೆ ಅದೇ. ಇನ್ಮೇಲೆ ಮುಟ್ಟಬೇಡಿ, ಸಂಜೆ ನಾನೇ ಬರ್ತೀನಿ. ಒಂದು ಹಳೇ ಕಾಲುಚೀಲ ಹುಡುಕಿ ಇಟ್ಟಿರಿ."

'ಕಾಲುಚೀಲವಂತೆ! ಇವನಿಗೇನು ತಲೆ ಸರಿಯಿಲ್ವಾ?'

ಮೆಟ್ಟಿಲು ಹತ್ತಿದರೂ ಅವಳ ಸಿಟ್ಟು ಇಳಿಯಲಿಲ್ಲ. ಕಟ್ಟಡದ ಓನರಮ್ಮನಿಗೆ ಫೋನ್ ಮಾಡಿ, "ಕೆಳಗಿನವರ ಹುಳದ ಕಾಟ ತಡೆಯೋಕಾಗ್ತಿಲ್ಲ, ಏನಾದರೂ ಮಾಡಿ" ಎಂದು ದೂರು ಕೊಟ್ಟೇಬಿಟ್ಟಳು.

ಸಂಜೆ ಅವನು ವ್ಯಾಕ್ಯೂಮ್ ಕ್ಲೀನರ್ ಹೊತ್ತು ಬಂದ. ಸೂಜಿಯ ಮನೆಯಲ್ಲಿ ಹಳೇ ಕಾಲುಚೀಲ ಇದ್ದದ್ದು ಜೊತೆಗಿದ್ದ ಅವಳ ಚಿಕ್ಕಮ್ಮನ ಕಾಲಲ್ಲಿ ಮಾತ್ರ! ಅವರು ಗೊಣಗುತ್ತಲೇ ಒಂದನ್ನು ಬಿಚ್ಚಿಕೊಟ್ಟರು.

ಅವನು ಕಾಲುಚೀಲವನ್ನು ಕೊಳವೆಯೊಳಗೆ ಇಳಿಬಿಟ್ಟು, ಅಂಚನ್ನು ಹೊರಗೆ ಮಡಚಿ ರಬ್ಬರ್ ಬ್ಯಾಂಡ್ ಹಾಕಿದ. "ಹುಳ ಇದರೊಳಗೇ ಉಳಿಯುತ್ತೆ, ಮಿಷನ್ ಒಳಗೆ ಹೋಗಲ್ಲ. ಪಾಪ, ಸಾಯೋದೂ ಇಲ್ಲ."

ಗೋಡೆಯೆಲ್ಲ ಖಾಲಿಯಾಯಿತು. ಕಾಲುಚೀಲದ ಬಾಯಿ ಕಟ್ಟಿ, ಹಿತ್ತಲಿನ ಸೌದೆ ರಾಶಿಯಲ್ಲಿ ಹುಳಗಳನ್ನು ಬಿಟ್ಟು ಬಂದ. ರಜಾಯಿಯ ಕಲೆಗೆ ಸೋಪಿನ ನೀರು ಹಚ್ಚಿ ತಾನೇ ಉಜ್ಜಿದ. ಕಲೆ ಹೋಯಿತು. ಹೊರಡುವ ಮುಂಚೆ ಕಿಟಕಿಯ ಸಂದಿಯನ್ನೇ ಸ್ವಲ್ಪ ಹೊತ್ತು ನೋಡಿ, ವ್ಯಾಕ್ಯೂಮ್ ಕ್ಲೀನರ್ ಹೊತ್ತು ಕೆಳಗಿಳಿದ.

ಮರುದಿನ ಬಿಸಿಲು ಬಿದ್ದದ್ದೇ ತಡ, ಹುಳಗಳು ಮತ್ತೆ ಹಾಜರ್! ಸಂಜೆ ಅವನೂ ಹಾಜರ್.

ಹೀಗೇ ದಿನಗಳು ಕಳೆದವು. ನೆಲದ ಮೇಲೆ ಹರಡಿದ ಬಟ್ಟೆ ತುಳಿಯದಂತೆ ಅವನು ಕಾಲೆತ್ತಿ ದಾಟುವುದನ್ನು ಅವಳು ಗಮನಿಸಿದಳು. ಬೈದರೆ ನಗುತ್ತಾನೆ, ಎದುರುತ್ತರ ಕೊಡುವುದಿಲ್ಲ. ಕೊಳವೆ ಹಿಡಿದುಕೊಂಡೇ, ಬಾಡಿದ ಸಸಿಗೆ ಜೀವ ಬಂದ ಕಥೆ ಹೇಳುತ್ತಾನೆ. ಸಂಜೆಯಾಗುತ್ತಲೇ ಸೂಜಿ ತಲೆ ಬಾಚಿಕೊಂಡು, ಒಳ್ಳೇ ಸೀರೆ ಉಟ್ಟು ಕೂರತೊಡಗಿದಳು.

"ಹುಳ ಹಿಡಿಯೋಕೆ ಇಷ್ಟೊಂದು ಅಲಂಕಾರಾನಾ?" ಎಂದರು ಚಿಕ್ಕಮ್ಮ.

"ಸುಮ್ನಿರು ಚಿಕ್ಕಮ್ಮ!"

"ನಾನು ಸುಮ್ನೇ ಇದ್ದೀನಿ. ಒಂದು ಕಾಲು ಮಾತ್ರ ಚಳೀಲಿ ನಡುಗ್ತಿದೆ."

ಒಂದು ಮಧ್ಯಾಹ್ನ ಮಿಷನ್ ಎಣ್ಣೆ ತರಲು ಕೆಳಗಿಳಿದವಳಿಗೆ ಬಾಯಾರಿತು. ಅಂಗಡಿಯ ಮುಂದೆ ನಿಂತು ನೀರು ಕೇಳಿದಳು. ಅವನ ಕೈತುಂಬ ಮಣ್ಣು. "ಫ್ರಿಜ್‌ನಲ್ಲಿದೆ, ತಗೊಳ್ಳಿ" ಎಂದ.

ಫ್ರಿಜ್ ಬಾಗಿಲು ತೆರೆದಳು. ನೀರಿನ ಬಾಟಲಿಯ ಪಕ್ಕದಲ್ಲೇ ಆ ಪಾರ್ಸೆಲ್! ಮೇಲೆ ಗುಲಗಂಜಿ ಹುಳದ ಚಿತ್ರ. ಸುತ್ತಿದ್ದ ಟೇಪ್ ಕೂಡ ಬಿಚ್ಚಿರಲಿಲ್ಲ. ಅವನ ಹುಳಗಳು ತಣ್ಣಗೆ ನಿದ್ದೆ ಮಾಡುತ್ತಿದ್ದವು.

'ಹಾಗಾದರೆ ಮೇಲಿರೋವು... ಎಲ್ಲಿಂದ ಬಂದವು?'

ನೀರು ಕುಡಿಯುವುದನ್ನೂ ಮರೆತು ಮೇಲಕ್ಕೋಡಿದಳು. ಚಳಿ ಶುರುವಾದಾಗ ಗಾಳಿ ನುಗ್ಗದಿರಲಿ ಎಂದು ಕಿಟಕಿ ಚೌಕಟ್ಟಿನ ಸಂದಿಗೆಲ್ಲ ರಜಾಯಿಯಲ್ಲಿ ಮಿಕ್ಕ ಹತ್ತಿಯನ್ನು ತುರುಕಿದ್ದು ಅವಳೇ. ಅದನ್ನು ಮೆಲ್ಲಗೆ ಎಳೆದಳು. ಅಯ್ಯೋ! ಹತ್ತಿಯ ಪದರ ಪದರದಲ್ಲೂ ಹುಳಗಳು. ಬೆಚ್ಚನೆ ಜಾಗ ಹುಡುಕಿಕೊಂಡು ಹೊರಗಿಂದ ಬಂದವಕ್ಕೆ ಅವಳೇ ಹಾಸಿಗೆ ಹಾಸಿ ಕೊಟ್ಟಿದ್ದಳು. ಬಿಸಿಲಿಗೆ ಚೌಕಟ್ಟು ಕಾದಾಗ ಅವು ಎದ್ದು ಒಳಗೆ ಬರುತ್ತಿದ್ದವು.

'ತಪ್ಪು ನನ್ನದು. ಈಗಲೇ ಹೋಗಿ ಹೇಳಬೇಕು. ಆದರೆ... ಹೇಳಿದರೆ ನಾಳೆಯಿಂದ ಅವನು ಯಾಕೆ ಬರ್ತಾನೆ?'

ಅತ್ತಿತ್ತ ನೋಡಿದಳು. ಚಿಕ್ಕಮ್ಮ ಮಲಗಿದ್ದರು. ಹತ್ತಿಯನ್ನು ಹುಳಗಳ ಸಮೇತ ಮತ್ತೆ ಸಂದಿಗೇ ತುರುಕಿಬಿಟ್ಟಳು!

ಈ ಕಳ್ಳಾಟ ಬಹಳ ದಿನ ನಡೆಯಲಿಲ್ಲ. ಒಂದು ಬೆಳಗ್ಗೆ ಓನರಮ್ಮ ಬಂದರು. "ನೀನು ಹೇಳಿದ ಮೇಲೆ ನಾನು ಬಿಡ್ತೀನಾ? ತಿಂಗಳ ಕೊನೆಗೆ ಅಂಗಡಿ ಖಾಲಿ ಮಾಡು ಅಂತ ಅವನಿಗೆ ಅವತ್ತೇ ಹೇಳಿದ್ದೆ. ಇವತ್ತು ಸಾಮಾನು ಕಟ್ತಿದ್ದಾನೆ."

ಅವತ್ತೇ ಗೊತ್ತಿದ್ದೂ ಇಷ್ಟು ದಿನ ಅವನು ಒಂದು ಮಾತೂ ಆಡಿರಲಿಲ್ಲ!

"ಓನರಮ್ಮ... ಅವರದ್ದೇನೂ ತಪ್ಪಿಲ್ಲ. ಬನ್ನಿ ಇಲ್ಲಿ." ಕಿಟಕಿಯ ಹತ್ತಿರ ಕರೆದೊಯ್ದು ಹತ್ತಿಯನ್ನು ಹೊರಗೆಳೆದು ತೋರಿಸಿದಳು. "ಇದು ನನ್ನ ಕೆಲಸ. ಗೊತ್ತಾದ ಮೇಲೂ ಬಾಯಿ ಮುಚ್ಕೊಂಡಿದ್ದೆ. ಖಾಲಿ ಮಾಡಿಸೋದಾದ್ರೆ ನನ್ನನ್ನ ಮಾಡಿಸಿ." ನಾಚಿಕೆಯಿಂದ ಅವಳ ಕಣ್ಣು ತುಂಬಿತ್ತು.

ಓನರಮ್ಮ ಹುಳಗಳನ್ನು ನೋಡಿದರು, ಅವಳನ್ನು ನೋಡಿದರು. "ಸೂಜಿ ಬಾಯಲ್ಲಿ ತಪ್ಪಾಯ್ತು ಅನ್ನೋ ಮಾತಾ! ಯಾರೂ ಎಲ್ಲಿಗೂ ಹೋಗೋದು ಬೇಡ. ಮೊದಲು ಈ ಸಂದಿ ಮುಚ್ಚಿಸಮ್ಮ."

ಅವಳು ಕೆಳಗೆ ಓಡಿದಳು. ಅವನು ಕುಂಡಗಳನ್ನು ಪೇಪರ್‌ನಲ್ಲಿ ಸುತ್ತುತ್ತಿದ್ದ.

"ಬಿಚ್ಚಿ ಅದನ್ನೆಲ್ಲ! ನೀವು ಹೋಗ್ಬೇಕಾಗಿಲ್ಲ. ಓನರಮ್ಮಂಗೆ ಹೇಳಿ ಬಂದೆ. ಹುಳ ನಿಮ್ಮದಲ್ಲ... ನಾನು ಕಿಟಕಿಗೆ ಹತ್ತಿ..."

"ತುರುಕಿದ್ರಿ. ಗೊತ್ತು."

"ಗೊತ್ತಾ? ಯಾವಾಗಿಂದ?"

"ಮೊದಲನೇ ದಿನದಿಂದ."

"ಮತ್ತೆ ಹೇಳೋದಲ್ವಾ? ಸುಮ್ಮನೆ ಬೈಸ್ಕೊಂಡ್ರಿ... ಅಂಗಡೀನೇ ಹೋಗ್ತಿತ್ತು!"

"ಹೇಳಿದ್ದಿದ್ರೆ ಒಂದೇ ದಿನಕ್ಕೆ ಹುಳ ಖಾಲಿ." ಅವನು ಕುಂಡದ ಮೇಲಿನ ಮಣ್ಣು ಒರೆಸಿದ. "ಆಮೇಲೆ ಮೇಲೆ ಬರೋಕೆ ನನಗೆ ಏನಿತ್ತು? ನೀವು ಬೈತಿದ್ರೂ ದಿನಾ ನೋಡಬಹುದಲ್ವಾ ಅಂತ... ನನಗೆ ನಿಮ್ಮನ್ನ ಕಂಡ್ರೆ ಅಷ್ಟು ಇಷ್ಟ."

ಅವಳಿಗೆ ನಗುವೂ ಬಂತು, ಅಳುವೂ ಬಂತು. "ನನಗೂ ಆಮೇಲೆ ಗೊತ್ತಾಯ್ತು. ಹತ್ತಿ ತೆಗೆದು ನೋಡಿದೆ. ನೋಡಿ... ವಾಪಸ್ ತುರುಕಿದೆ."

"ಯಾಕೆ?"

"ಯಾಕೆ ಅಂದ್ರೆ! ನಿಮಗೆ ಮಾತ್ರ ಇಷ್ಟ ಇರಬೇಕಾ?"

ಅವನು ಜೋರಾಗಿ ನಕ್ಕ. ಕಟ್ಟಿದ ಕುಂಡಗಳನ್ನು ಇಬ್ಬರೂ ಸೇರಿ ಬಿಚ್ಚಿದರು. ಆಮೇಲೆ ಮೇಲೆ ಹೋಗಿ ಹತ್ತಿಯನ್ನೆಲ್ಲ ತೆಗೆದು, ಉಳಿದ ಹುಳಗಳನ್ನು ಸೌದೆ ರಾಶಿಗೆ ಬಿಟ್ಟು, ಸಂದಿಗಳಿಗೆ ಪುಟ್ಟಿ ಹಚ್ಚಿ ಮುಚ್ಚಿದರು. ಮರುದಿನ ಬಿಸಿಲು ಬಿತ್ತು. ಗೋಡೆ ಬೋಳಾಗಿಯೇ ಉಳಿಯಿತು.

ಸಂಜೆಯಾಯಿತು. ಹುಳವಿಲ್ಲದ ಮನೆಯ ಬಾಗಿಲಲ್ಲಿ ಅವನು ನಿಂತಿದ್ದ. ಕೈಯಲ್ಲಿ ಒಗೆದು ಒಣಗಿಸಿ ಮಡಚಿದ ಕಾಲುಚೀಲ.

"ಚಿಕ್ಕಮ್ಮ ಇದ್ದಾರಾ? ಇದನ್ನ ಕೊಡಬೇಕಿತ್ತು. ಹಾಗೇ ಅವರ ಹತ್ರ ಒಂದನ್ನ ಕೇಳಬೇಕಿತ್ತು."

"ಏನು ಕೇಳ್ತೀರಿ?"

"ನಿಮ್ಮನ್ನ."

ಸೂಜಿ ನಗುತ್ತಾ ಬಾಗಿಲನ್ನು ಪೂರ್ತಿ ತೆರೆದಳು. ಒಳಗಿನಿಂದ ಚಿಕ್ಕಮ್ಮನ ದನಿ ಬಂತು. "ಒಳಗೆ ಬಾರಪ್ಪ. ಮೊದಲು ಕಾಲುಚೀಲ ಕೊಡು, ಆಮೇಲೆ ಅವಳನ್ನ ಕೇಳು!"