ಹನ್ನೆರಡು ನಮಃಶಿವಾಯ

"ಅಲುಗಾಡಬ್ಯಾಡ್ರೀ! ಕಣ್ಣು ಮುಚ್ಚಬ್ಯಾಡ್ರೀ!"

ಕರಿಯ ಬಟ್ಟೆಯೊಳಗಿಂದ ಬಂದ ದನಿಗೆ ಸುಮಿತ್ರಾಬಾಯಿ ಬೆಚ್ಚಿದಳು. ಕುರ್ಚಿಯ ಬೆನ್ನು ಹಿಡಿದು ನಿಂತು ನಿಂತು ಅವಳ ಕಾಲು ಸೋತಿದ್ದವು.

ಬಟ್ಟೆ ಸರಿಸಿ ಹೊರಬಂದವನು ವಿಶ್ವನಾಥಯ್ಯ. ಜಳಕೋಟದ ಅಯ್ಯನೋರ ಮನೆತನದವನು; ಹೈದರಾಬಾದಿನ ಉಸ್ತಾದರ ಬಳಿ ಆರೇ ತಿಂಗಳು ಫೋಟೋ ಕೆಲಸ ಕಲಿತು ಬಂದಿದ್ದ. ನಿಜಾಮರ ಆಳ್ವಿಕೆಯ ಆ ದಿನಗಳಲ್ಲಿ ಸುಮಿತ್ರಾಳ ಊರು ನಿಲಂಗಕ್ಕೆ ಇಂಥ ಮೂರುಕಾಲಿನ ಪೆಟ್ಟಿಗೆ ಹೊಸತು.

ಇಬ್ಬರ ಕಣ್ಣು ಒಂದು ಗಳಿಗೆ ಕೂಡಿದವು. ಅವನೇ ಮೊದಲು ಮುಖ ತಿರುಗಿಸಿದ...

'ಶಿವನೇ, ಇದೂ ಒಂದು ಮುಗಿದರೆ ಸಾಕು' ಎಂದುಕೊಂಡಳು ಆಕೆ. ನಾಲ್ಕು ವರನ ಮನೆಯವರು ಬಂದು, ನೋಡಿ, ಉಂಡು ಹೋಗಿದ್ದರು. ಐದನೆಯವರು, ಉಮರ್ಗಾದವರು, ಬರಲೂ ಇಲ್ಲ. ಮೊದಲು ಹುಡುಗಿಯ ಫೋಟೋ ತೆಗೆಸಿ ತಸ್ಬೀರ ಕಳಿಸಿ ಎಂದಿದ್ದರು.

ವಿಶ್ವನಾಥಯ್ಯನ ಬಳಿ ಗಡಿಯಾರವಿರಲಿಲ್ಲ. ಮಸೂರದ ಮುಚ್ಚಳ ತೆಗೆದ. ತುಟಿಯಲ್ಲೇ ಹನ್ನೆರಡು ಸಲ 'ನಮಃಶಿವಾಯ' ಎಂದು ಮುಚ್ಚಿದ.

ನಾಲ್ಕು ದಿನ ಬಿಟ್ಟು ತಸ್ಬೀರ ಬಂತು. ಸಂಬಂಧ ತಂದಿದ್ದ ಕಸ್ತೂರಬಾಯಿ ಅದನ್ನು ಕಸಿದುಕೊಂಡು ನೋಡಿದಳು.

"ಅಯ್ಯ ಶಿವನ! ಇದು ಹುಡುಗಿ ತಸ್ಬೀರೋ, ಕರೀ ತವಾದ ತಸ್ಬೀರೋ?"

ಕತ್ತಲೆಯಲ್ಲಿ ಎರಡು ಕಣ್ಣು, ಅಷ್ಟೇ!

"ಅವತ್ತ ತಗದ ಈಕಿ ಅಪ್ಪಂದು ಚೊಲೊ ಬಂದದ, ಬಾಜೂಮನಿ ಅಂಬಾದಾಸಂದೂ ಚೊಲೊ ಬಂದದ. ಈಕೀದಷ್ಟ ಹಿಂಗ್ಯಾಕೋ?"

"ತಪ್ಪು ನಂದರಿ. ಮತ್ತ ತಗೀತೀನಿ," ಎಂದು ಅವನು ತಲೆ ತಗ್ಗಿಸಿದ.

ಮತ್ತೆ ತೆಗೆದ. ಅದೂ ಹಾಗೇ ಬಂತು.

ಆ ದಿನ ಸುಮಿತ್ರಾ ಊಟ ಮಾಡಲಿಲ್ಲ. 'ನನ್ನ ಬಣ್ಣ ಕಂಡು ಹೇಸಿದ್ದಾನೆ. ಬಾಯಿಬಿಟ್ಟು ಹೇಳಲಾರದೆ ಪೆಟ್ಟಿಗೆಯ ಕೈಯಲ್ಲಿ ಹೇಳಿಸಿದ!'

ಮೂರನೆಯ ಸಲ ಬಂದಾಗ ಅವನ ಬಳಿ ಉಳಿದಿದ್ದು ಒಂದೇ ಗಾಜಿನ ಪ್ಲೇಟು. ತಸ್ಬೀರ ಒಯ್ಯಲು ಉಮರ್ಗಾದ ಆಳು ಮರುದಿನವೇ ಬರುವವನಿದ್ದ. ತಂದೆ ಸಂಗಯ್ಯನವರು ಒಳಗೆ ಪೂಜೆಗೆ ಕುಳಿತಿದ್ದರು. ಆಕೆ ತಡೆಯಲಾರದೆ ಕೇಳಿಯೇಬಿಟ್ಟಳು.

"ಖರೇ ಹೇಳ್ರಿ, ಅಯ್ನೋರ. ನಾ ಅಷ್ಟು ಕರ್ರಗ ಅದೀನೇನ್ರಿ? ನಂಗ ಸಾಕಾಗ್ಯಾದ."

"ಛೇ ಛೇ! ಬಣ್ಣ ಅಲ್ರಿ, ಬೆಳಕು..." ಅವನು ಮಸೂರದ ಹಿತ್ತಾಳೆಯ ಬಳೆ ತಿರುವಿ ತೋರಿಸಿದ. "ಇಲ್ಲಿ ನೋಡ್ರಿ. ಕಿಂಡಿ ದೊಡ್ಡದು ಮಾಡಿದ್ರ ಬೆಳಕು ಭಡಾಭಡಾ ಬರ್ತದ, ಆದ್ರ ಹಿಂದಿನ ಗ್ವಾಡಿ ಮಸಕಾಗ್ತದ. ಉಮರ್ಗಾದವ್ರು ಮನಿನೂ ಕಾಣಬೇಕಂದಾರ. ಅದಕ್ಕ ಸಣ್ಣ ಕಿಂಡಿ ಇಟ್ಟೀನಿ. ಸಣ್ಣ ಕಿಂಡಿಗಿ ಹೊತ್ತು ಹೆಚ್ಚು ಬೇಕು. ಹನ್ನೆರಡು ನಮಃಶಿವಾಯ. ಕಡಿಮಿ ಆದ್ರ ಕತ್ತಲಿ."

ಸುಮಿತ್ರಾ ಅವನನ್ನೇ ನೋಡಿದಳು. ಮಂತ್ರದ ನಡೆಯನ್ನು ತೊಟ್ಟಿಲಿನಿಂದ ಕೇಳಿ ಬೆಳೆದ ಕಿವಿ ಅವಳದು.

"ಹನ್ನೆರಡು ಹೇಳೀರಿ, ಖರೆ. ನಾನೂ ಮನಸಿನ್ಯಾಗ ಹೇಳ್ತಿದ್ದೆ. ನಂದು ನಾಲ್ಕು ಆಗೂದ್ರಾಗ ನಿಮ್ಮ ಹನ್ನೆರಡು ಮುಗೀತು!"

ಅವನು ಮಸೂರದ ಮುಚ್ಚಳ ತೆಗೆದು ಮತ್ತೆ ಹಾಕಿದ.

"ಅಪ್ಪನ ಮುಂದನೂ ಹಂಗ ಓಡಿಸಿದ್ರೇನು?"

"ಇಲ್ರಿ... ಅವ್ರ ಮುಂದ ಎದಿ ಸುಮ್ಮ ಇತ್ತು. ನಿಮ್ಮ ಮುಂದ ಮುಚ್ಚಳ ತಗದ್ರ ಎದಿ ಓಡ್ತದ, ಅದರ ಬೆನ್ನಿಗಿ ಮಂತ್ರಾನೂ ಓಡ್ತದ. ಶಿವನ ಹೆಸರು ಅವಸರದಾಗ ಹೇಳಿದ ಪಾಪ ನಂದು."

ಸುಮಿತ್ರಾಳ ಕಣ್ಣು ತುಂಬಿದವು. 'ಹೇಸಿಕೆ ಅಲ್ಲ... ಅಲ್ಲವೇ ಅಲ್ಲ!'

"ಎರಡು ಸಲ ನನ್ನ ತವಾ ಅನಿಸಿದ್ರಿ. ಒಂದು ಮಾತು ಹೇಳಬಾರದಾಗಿತ್ತಾ?"

"ಬ್ಯಾರೆಯವ್ರಿಗಿ ಕಳಸೂ ತಸ್ಬೀರ. ನಾ ಏನಂತ ಹೇಳ್ಲಿ? ಇವತ್ತ ನೀವಾ ಎಣಿಸ್ರಿ. ಚೊಲೊ ಬರ್ತದ. ಉಮರ್ಗಾದವ್ರು... ಒಪ್ತಾರ."

ಆಕೆ ಕುರ್ಚಿಯ ಬೆನ್ನಿನಿಂದ ಕೈ ತೆಗೆದಳು.

"ಅಪ್ಪಾ! ಉಮರ್ಗಾಕ್ಕ ತಸ್ಬೀರ ಹೋಗೂದು ಬ್ಯಾಡ."

ಸಂಗಯ್ಯನವರು ಒದ್ದೆ ಕೈಯಲ್ಲೇ ಹೊಸ್ತಿಲಿಗೆ ಬಂದರು. ಅವರ ಮುಖವೂ ದಣಿದಿತ್ತು. ಇಬ್ಬರನ್ನೂ ನೋಡಿದರು.

"ಪೂಜಿಗಿ ಕುಂತಿದ್ದೆ, ಕಿವುಡ ಆಗಿರಲಿಲ್ಲ. ತಮ್ಮಾ, ಮನ್ಯಾಗ ಹಿರೇರು ಯಾರದಾರ?"

"ಅವ್ವ ಅದಾಳ್ರಿ."

"ಕರಕೊಂಡು ಬಾ." ಅಷ್ಟೇ ಹೇಳಿ ಒಳಗೆ ಹೋದರು.

ಪ್ಲೇಟು ಪೆಟ್ಟಿಗೆಯಲ್ಲೇ ಉಳಿಯಿತು. ವಿಶ್ವನಾಥಯ್ಯ ಕರಿಯ ಬಟ್ಟೆ ಮಡಚಿದ.

"ಸೋಮವಾರ ಅವ್ವನ್ನ ಕರಕೊಂಡು ಬರ್ಲೇನ್ರಿ?"

"ಬರ್ರಿ. ಆದ್ರ ನಾ ಇನ್ನ ಯಾರ ಮುಂದೂ ನಿಂದ್ರಂಗಿಲ್ಲ..." ಎನ್ನುತ್ತಾ ಆಕೆ ಆ ಕುರ್ಚಿಯ ಮೇಲೆ ಮೆಲ್ಲಗೆ ಕುಳಿತಳು.

"ನೀವು ಕುಂದರ್ರಿ, ಸುಮಿತ್ರಾ. ನಿಂದ್ರೂ ಪಾಳಿ ನಂದು."